ಮತ ಮತ್ತು ಮತದಾರ

ಓಟಿಗೂ ಧರ್ಮಕ್ಕೂ ‘ಮತ’ ಎಂಬ ಒಂದೇ ಮಾತು ನಮ್ಮಲ್ಲಿದೆಯಷ್ಟೆ. 1960ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯದಲ್ಲಿ ಈ ಎರಡು ಅರ್ಥಗಳೂ ಕಲಸಿಹೋಗಿದ್ದವು.

ಅಲ್ಲಿ ಅಧ್ಯಕ್ಷ ಪದವಿಗೆ ನಿಲ್ಲುವವರು ಮೊದಲು ತಮ್ಮ ಪಕ್ಷದವರೊಡನೆಯೇ ಸೆಣಸಬೇಕು. ಇದೇ ಪ್ರಾಥಮಿಕ ಚುನಾವಣೆ. ಪಕ್ಷ ಒಂದೇ ಆದಮೇಲೆ ಮತದಾರನು ನೋಡುವುದೇನನ್ನು? ಉಮೇದುವಾರನು ಯಾರವನು, ಅವನ ಬೆನ್ನಿಗೆ ಯಾರಿದ್ದಾರೆ ಎಂಬುದನ್ನೇ. ಡೆಮೊಕ್ರಾಟಿಕ್ ಪಕ್ಷದಿಂದ ಸೆನೆಟರ್ ಜಾನ್ ಕೆನಡಿ ಮತ್ತು ಸೆನೆಟರ್ ಹ್ಯೂಬರ್ಟ್ ಹಂಫ್ರಿ ಎದುರಾದರು. ಕೆನಡಿ ಕ್ಯಾಥೊಲಿಕ್, ರಾಜ್ಯವೋ ಬಹುಪಾಲು ಪ್ರಾಟೆಸ್ಟೆಂಟರದು. 1928ರಲ್ಲಿ ಆಲ್ ಸ್ಮಿತ್ ಎಂಬ ಕ್ಯಾಥೊಲಿಕ್ ಉಮೇದುವಾರ ಸೋತದ್ದು ಪಕ್ಷದವರ ನೆನಪಿನಲ್ಲಿತ್ತು. ಏಪ್ರಿಲಿನಲ್ಲಿ ವಿಸ್ಕಾನ್ಸಿನ್ನಿನಲ್ಲಿ ಕೆನಡಿ ಗೆದ್ದರೂ, ಅದು ಸ್ವಮತೀಯರ ಬಲದ ಗೆಲುವೆಂದು ಹಲವರು ತಳ್ಳಿಹಾಕಿದ್ದರು.

ಆ ರಾಜ್ಯದ ಸೆನೆಟರ್ ರಾಬರ್ಟ್ ಬರ್ಡ್ ಹಂಫ್ರಿಗೆ ಓಟು ಕೊಡಿರೆಂದರು. ಅವರ ಒಲವಿದ್ದದ್ದು ಮಾತ್ರ ಲಿಂಡನ್ ಜಾನ್ಸನ್ನರ ಮೇಲೆ. ಜಾನ್ಸನ್ ಅಲ್ಲಿ ಕಣಕ್ಕೇ ಇಳಿದಿರಲಿಲ್ಲ; ಕೆನಡಿಯನ್ನು ತಡೆದರೆ ಅವರ ಹಾದಿ ಸುಗಮವಾಗುತ್ತಿತ್ತು, ಅಷ್ಟೆ. ಕೆನಡಿಯವರ ಪರವಾಗಿ ಊರೂರು ತಿರುಗಿದವರು ರೂಸ್‌ವೆಲ್ಟರ ಮಗ, ಕಿರಿಯ ಫ್ರಾಂಕ್ಲಿನ್ ರೂಸ್‌ವೆಲ್ಟ್. ತಂದೆ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಆದರೂ ಸಂಘ ಕಟ್ಟುವ ಹಕ್ಕನ್ನು ಅವರ ಕಾಲದಲ್ಲಿ ಪಡೆದ ಕಲ್ಲಿದ್ದಲ ಗಣಿಯ ಕೂಲಿಗಳಿಗೆ ಆ ಹೆಸರು ಕುಲದೇವರ ಹೆಸರಿನಂತಿತ್ತು. ತಮಾಷೆಯೆಂದರೆ, ತಾಯಿ ಎಲಿನರ್ ಅವರ ಒಲವು ಅಡ್ಲಾಯ್ ಸ್ಟೀವನ್‌ಸನ್ನರ ಕಡೆಗಿತ್ತು! ಈ ಮಗ ಹಂಫ್ರಿಯವರ ಯುದ್ಧಕಾಲದ ನಡತೆಯನ್ನೂ ಕೆಣಕಿದರು. ಅದು ಅನ್ಯಾಯದ ಮಾತು. ಮುಂದೆ ಅವರೇ ಅದಕ್ಕಾಗಿ ಪಶ್ಚಾತ್ತಾಪಪಟ್ಟರು.

ಕೆನಡಿ ಧರ್ಮದ ಪ್ರಶ್ನೆಯನ್ನು ಮರೆಮಾಚಲಿಲ್ಲ. ತಾವು ನೌಕಾಪಡೆಗೆ ಸೇರಿದಾಗ, ತಮ್ಮ ಅಣ್ಣ ಕೊನೆಯ ಸಲ ಯುದ್ಧವಿಮಾನ ಹತ್ತಿದಾಗ, ಯಾರೂ ಧರ್ಮ ಕೇಳಲಿಲ್ಲವೆಂದರು. ಚುನಾವಣೆಗೆ ಎರಡು ದಿನ ಮುಂಚೆ ಟೆಲಿವಿಷನ್ನಿನಲ್ಲೂ ಇದೇ ವಿಷಯವನ್ನೆತ್ತಿಕೊಂಡರು. ಹಣದ ಬಲವೂ ಅವರ ಕಡೆಗಿತ್ತು. ಹಂಫ್ರಿಯವರ ಕೈ ಬರಿದಾಗಿತ್ತು.

ಮೇ 10ರಂದು ಕೆನಡಿಗೆ ನೂರಕ್ಕೆ ಸುಮಾರು 61 ಓಟು ಬಿತ್ತು. ಹಂಫ್ರಿ ಸ್ಪರ್ಧೆಯಿಂದ ಹಿಂದೆ ಸರಿದರು. ಅಧಿಕಾರದಲ್ಲಿದ್ದ ಬರ್ಡ್ ಅವರ ಮಾತು ನಡೆಯದೆ, ಗತಿಸಿದ ರೂಸ್‌ವೆಲ್ಟರ ಹೆಸರು ನಡೆದದ್ದೇಕೆ? ಬರ್ಡ್ ಹೇಳಿದ್ದು ಪಕ್ಷದ ಒಳಲೆಕ್ಕ. ರೂಸ್‌ವೆಲ್ಟರ ಹೆಸರು ಮತದಾರನಿಗೆ ಅವನು ಗಣಿಯ ಕೂಲಿ ಎಂಬುದನ್ನು ನೆನಪಿಸಿತು. ಪ್ರಾಟೆಸ್ಟೆಂಟನೆಂಬುದು ಅವನ ಹಲವು ಗುರುತುಗಳಲ್ಲಿ ಒಂದು ಮಾತ್ರ.

ಆ ಬೆಟ್ಟಗಳ ಹಸಿವನ್ನು ಕೆನಡಿ ಕಣ್ಣಾರೆ ಕಂಡಿದ್ದರು. 1961ರ ಜನವರಿಯಲ್ಲಿ ಅಧ್ಯಕ್ಷರಾಗಿ ಹೊರಡಿಸಿದ ಮೊದಲ ಆಜ್ಞೆಯೇ ಬಡ ಕುಟುಂಬಗಳಿಗೆ ಹೆಚ್ಚು ಆಹಾರ ಹಂಚಬೇಕೆಂಬುದು. ಅದೇ ಮೇ ತಿಂಗಳಲ್ಲಿ ಆಹಾರ ಚೀಟಿಯ ಹೊಸ ಪ್ರಯೋಗ ಆರಂಭವಾದದ್ದೂ ವೆಸ್ಟ್ ವರ್ಜೀನಿಯದ ಮೆಕ್‌ಡವೆಲ್ ಜಿಲ್ಲೆಯಲ್ಲಿ.