ಕಾರಿನ ಬಣ್ಣದ ಸಂರಕ್ಷಣೆ: ವಾಹನ ಮಾಲೀಕರಿಗೆ ಮಾಹಿತಿ

ಇಂದಿನ ಬಹುತೇಕ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪನವಿರುತ್ತದೆ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಬಣ್ಣವನ್ನು ಕಾಪಾಡುವ ರಾಸಾಯನಿಕಗಳು ಈ ಲೇಪನದಲ್ಲಿರುತ್ತವೆ.

1. ಪಾಲಿಶ್: ಇದರಲ್ಲಿ ಅಲ್ಯೂಮಿನಿಯಂ ಆಕ್ಸೈಡ್‌ನಂತಹ ಸೂಕ್ಷ್ಮ ಕಣಗಳಿರುತ್ತವೆ. ಇವು ಗೀರಿನ ಸುತ್ತಲಿನ ಲೇಪನವನ್ನು ಸವೆಸಿ ಸಮತಟ್ಟಾಗಿಸುತ್ತವೆ. ಸವೆದ ಲೇಪನವು ಮರಳಿ ಬಾರದು. ಪೂರ್ತಿ ಸವೆದಲ್ಲಿ ಹೊಸದಾಗಿ ಬಳಿಸುವುದೊಂದೇ ಪರಿಹಾರ. ಆದುದರಿಂದ ಪದೇ ಪದೇ ಪಾಲಿಶ್ ಮಾಡಿಸುವುದು ಸೂಕ್ತವಲ್ಲ.

2. ಮೇಣ: ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣವು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಇದು ಲೇಪನದ ಮೇಲೆ ನೀರು ನಿಲ್ಲದ ತೆಳುಪದರವಾಗಿ ಕೂರುತ್ತದೆ. ಕ್ರಮೇಣ ತೊಳೆದುಹೋಗುವುದರಿಂದ ಮತ್ತೆ ಹಚ್ಚತಕ್ಕದ್ದು.

3. ಹಕ್ಕಿಯ ಹಿಕ್ಕೆ: ಇದು ಬಿಸಿಲಿನಲ್ಲಿ ಒಣಗಿದರೆ ಲೇಪನದ ಮೇಲೆ ಶಾಶ್ವತ ಗುರುತು ಉಳಿಯಬಹುದು. ಒಣಬಟ್ಟೆಯಿಂದ ಉಜ್ಜದೆ, ನೀರಿನಲ್ಲಿ ನೆನೆಸಿ ಕೂಡಲೇ ತೆಗೆಯತಕ್ಕದ್ದು.

ಸೂಚನೆ: ಮೇಣ ಅಥವಾ ಪಾಲಿಶ್‌ನಿಂದ ವಾಹನದ ಬಣ್ಣ ಬದಲಾಗದ ಕಾರಣ ಯಾವುದೇ ಅರ್ಜಿಯ ಅಗತ್ಯವಿಲ್ಲ. ನೋಂದಣಿ ಪತ್ರದಲ್ಲಿ ಬಣ್ಣವು ನಮೂದಾಗಿರುವುದರಿಂದ, ಬೇರೆ ಬಣ್ಣ ಬಳಿಸಲಿಚ್ಛಿಸುವವರು ನೋಂದಣಿ ಪ್ರಾಧಿಕಾರವನ್ನು ಮುಂಚಿತವಾಗಿ ಸಂಪರ್ಕಿಸತಕ್ಕದ್ದು.