ಗೊತ್ತಳಿಯಿಂದ ಮಂಡಳಿಯವರೆಗೆ: ಕಟ್ಟಡ ಕಸುಬಿನ ಸಂಘಟನೆಗಳಲ್ಲಿ ಸದಸ್ಯತ್ವದ ಪ್ರಶ್ನೆ

ಪ್ರಾಚೀನ ವೃತ್ತಿಸಂಘಗಳ ಚರ್ಚೆಯಲ್ಲಿ ವರ್ತಕರಿಗೆ ದೊರೆತ ಸ್ಥಾನ ಕಟ್ಟುವವರಿಗೆ ದೊರೆತಿಲ್ಲ. ಅಯ್ಯಾವೊಳೆಯ ಐನೂರ್ವರನ್ನು ಕುರಿತು ವಿಸ್ತಾರವಾದ ಅಧ್ಯಯನಗಳಿವೆ. ತೆಲ್ಲಿಗರ ಐವತ್ತೊಕ್ಕಲು, ಕುಂಬಾರ ಗೊತ್ತಳಿ ಮೊದಲಾದವನ್ನೂ ವಿದ್ವಾಂಸರು ಶಾಸನಗಳಿಂದ ಆಯ್ದು ವಿವೇಚಿಸಿದ್ದಾರೆ. ಕಲ್ಲು, ಗಾರೆ, ಮಣ್ಣಿನ ಕೆಲಸದವರ ಸಂಘಟನೆ ಮಾತ್ರ ಬಹುಮಟ್ಟಿಗೆ ಶಿಲ್ಪಕಲೆಯ ಇತಿಹಾಸದ ಅಡಿಟಿಪ್ಪಣಿಯಾಗಿ ಉಳಿದಿದೆ. ಸಂಘವೊಂದನ್ನು ಅದರ ಬಿರುದುಬಾವಲಿಗಳಿಂದ ಅಳೆಯುವುದಕ್ಕಿಂತ, ಅದು ಯಾರನ್ನು ಒಳಗೆ ಬಿಟ್ಟುಕೊಂಡಿತು, ಯಾರನ್ನು ಹೊರಗಿಟ್ಟಿತು ಎಂದು ಕೇಳುವುದು ಹೆಚ್ಚು ಫಲಕಾರಿಯೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಈ ದೃಷ್ಟಿಯಿಂದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನಗಳು ಬೆಲೆಯುಳ್ಳವು. ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಈ ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿಯೆಂಬ ಬಿರುದೂ ‘ಪೆರ್ಜೆರೆಪು’ ಎಂಬ ಗೌರವವೂ ಸಂದವು. ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿಯ ಪರಿಣತಿಯನ್ನು ಇನ್ನೊಂದು ಶಾಸನ ಎಣಿಸುತ್ತದೆ: ವಾಸ್ತು, ಪ್ರಾಸಾದ, ಯಾನ, ಆಸನ, ಶಯನ, ಕಿರೀಟ. ಇವೆಲ್ಲ ಕಲಾ ಇತಿಹಾಸಕಾರರಿಗೆ ಚಿರಪರಿಚಿತ. ಅಷ್ಟಾಗಿ ಚರ್ಚೆಗೆ ಬಾರದ ಸಂಗತಿಯೊಂದು ಗುಂಡನ ಶಾಸನದಲ್ಲೇ ಇದೆ. ಫ್ಲೀಟರ ಓದಿನಂತೆ, ಬಹಿಷ್ಕೃತರಾಗಿದ್ದ ಈ ನಾಡಿನ ಕುಶಲಿಗಳನ್ನು ಮರಳಿ ಕುಲಕ್ಕೆ ಸೇರಿಸಿಕೊಂಡ ಪ್ರಸ್ತಾಪವದು. ಬಹಿಷ್ಕಾರದ ಕಾರಣವನ್ನು ಶಾಸನ ಹೇಳುವುದಿಲ್ಲ. ಆದರೆ ಸೂತ್ರಧಾರಿಯ ಸನ್ಮಾನದೊಡನೆ ಆ ಮಾತನ್ನೂ ಕಲ್ಲಿನಲ್ಲಿ ಕಂಡರಿಸಬೇಕಾಯಿತೆಂದರೆ, ಕೂಟದ ಹೊರಗಿರುವುದೆಂದರೆ ಕಸುಬಿನ ಹೊರಗಿರುವುದೇ ಆಗಿತ್ತೆಂದು ಊಹಿಸಬಹುದು.

ಮುಂದೆ ಹೊಯ್ಸಳರ ಕಾಲದ ರೂವಾರಿಗಳು ತಮ್ಮ ಹೆಸರನ್ನು ವಿಗ್ರಹದ ಪೀಠದಲ್ಲೇ ಬರೆದುಕೊಂಡರು. ಬೇಲೂರಿನಲ್ಲಿ ದುಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳನ್ನು ಇಂದಿಗೂ ಓದಬಹುದು. ಸುಣ್ಣ ಸುಟ್ಟವನ, ಬಂಡೆ ಎಳೆದವನ, ಬುಟ್ಟಿ ಹೊತ್ತವಳ ಹೆಸರು ಅಲ್ಲಿಯೂ ಇಲ್ಲ. ಗೊತ್ತಳಿಯನ್ನು ಇಂದಿನ ಕಾರ್ಮಿಕ ಸಂಘದ ಪೂರ್ವರೂಪವೆಂದು ವರ್ಣಿಸುವವರು ಈ ಮೌನವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಾರೆಯ ವಿದ್ಯೆ ಮಾತ್ರ ಬರಹಕ್ಕೆ ಅಷ್ಟಾಗಿ ದಕ್ಕದೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಇಳಿದು ಬಂದದ್ದು. ಸುಟ್ಟ ಸುಣ್ಣವನ್ನು ಅರಳಿಸಿ, ಮರಳನ್ನೋ ಇಟ್ಟಿಗೆಪುಡಿಯಾದ ಸುರಕಿಯನ್ನೋ ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು; ಕೆಲವೆಡೆ ಬೆಲ್ಲದ ನೀರನ್ನೂ ಅಳಲೆಕಾಯಿಯ ರಸವನ್ನೂ ಸೇರಿಸುತ್ತಿದ್ದರು. ಹದ ಬಂದುದನ್ನು ತಿಳಿಯಲು ಬೆರಳೇ ಅಳತೆಗೋಲು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಗೂ ಸಿಮೆಂಟಿಗೆ ಬದಲಾಗಿ ಸುರಕಿ ಗಾರೆಯನ್ನೇ ಬಳಸಲಾಯಿತು. ಹಳೆಯ ವಿದ್ಯೆ ಆಧುನಿಕ ಎಂಜಿನಿಯರಿಂಗಿನೊಡನೆ ಕೂಡಿ ನಡೆದ ಕೊನೆಯ ಮಹಾಕಾರ್ಯಗಳಲ್ಲಿ ಅದೊಂದು.

ಅಣೆಕಟ್ಟೆ ಏಳುತ್ತಿದ್ದ ಆ ವರ್ಷಗಳಲ್ಲೇ ಬೇರೊಂದು ಬಗೆಯ ಸಂಘ ಹುಟ್ಟಿತು. ೧೯೧೪ರಲ್ಲಿ ಪೋರಬಂದರಿನಲ್ಲಿ ಸಿಮೆಂಟು ತಯಾರಿಕೆ ಆರಂಭವಾಗಿತ್ತು. ಮೊದಲ ಮಹಾಯುದ್ಧದ ಬೇಡಿಕೆಯನ್ನು ನಂಬಿ ಕಾರ್ಖಾನೆಗಳು ಹೆಚ್ಚಿದವು. ಯುದ್ಧಾನಂತರ ಪರಸ್ಪರ ಪೈಪೋಟಿಯಿಂದ ಬೆಲೆ ಕುಸಿಯಿತು. ಸುಂಕದ ರಕ್ಷಣೆಗಾಗಿ ಮಾಡಿದ ಮೊರೆ ಫಲಿಸದೆ, ೧೯೨೫ರಲ್ಲಿ ಭಾರತೀಯ ಸಿಮೆಂಟು ತಯಾರಕರ ಸಂಘ, ೧೯೨೭ರಲ್ಲಿ ಭಾರತೀಯ ಕಾಂಕ್ರೀಟ್ ಸಂಘ, ೧೯೩೦ರಲ್ಲಿ ಸಿಮೆಂಟು ಮಾರಾಟ ಕಂಪನಿ ಒಂದರ ಹಿಂದೊಂದರಂತೆ ರೂಪುಗೊಂಡವು. ೧೯೩೬ರಲ್ಲಿ ಹತ್ತು ಕಂಪನಿಗಳು ವಿಲೀನಗೊಂಡು ಎ.ಸಿ.ಸಿ. ಆಯಿತು. ಅದಕ್ಕಾಗಿ ಶ್ರಮಿಸಿದ ಎಫ್.ಇ. ದಿನಷಾ ಅದೇ ವರ್ಷದ ಆರಂಭದಲ್ಲೇ ತೀರಿಕೊಂಡಿದ್ದರು.

ಇವುಗಳಲ್ಲಿ ಕಾಂಕ್ರೀಟ್ ಸಂಘದ ಕಾರ್ಯವಿಧಾನ ಜಾನಪದ ಅಧ್ಯಯನಕಾರನಿಗೆ ಬಹು ಕುತೂಹಲಕರ. ಅದು ಬೆಲೆಯನ್ನು ಕಟ್ಟುವ ಸಂಘವಲ್ಲ, ಬಳಕೆಯನ್ನು ಕಲಿಸುವ ಸಂಘ. ಉಚಿತ ತಾಂತ್ರಿಕ ಸಲಹೆ, ಪುಸ್ತಿಕೆಗಳು, ೧೯೨೭ರಲ್ಲೇ ಆರಂಭವಾದ ಇಂಡಿಯನ್ ಕಾಂಕ್ರೀಟ್ ಜರ್ನಲ್ ಇವು ಅದರ ಸಾಧನಗಳು. ಗಾರೆಯವನ ಬೆರಳಿನಲ್ಲಿದ್ದ ಹದ ಇಲ್ಲಿ ೧:೨:೪ ಎಂಬ ಅಚ್ಚಿನ ಅನುಪಾತವಾಯಿತು. ಅಂಗಳದಲ್ಲಿ ಮುದುಕನಿಂದ ಹುಡುಗನಿಗೆ ದಾಟುತ್ತಿದ್ದುದು ಇಂಗ್ಲಿಷ್ ಬಲ್ಲ ಎಂಜಿನಿಯರನ ಮೇಜಿಗೆ ಹೋಯಿತು. ಕಟ್ಟುವ ಬಗೆಯನ್ನು ನಾಡಿಗೆಲ್ಲ ಬೋಧಿಸಿದ ಈ ಸಂಘ ಕಟ್ಟುವವರದಾಗಿರಲಿಲ್ಲ, ಸಿಮೆಂಟು ಮಾರುವವರದಾಗಿತ್ತು.

ಹಾಗೆಂದು ಹಳೆಯದನ್ನು ಹಾಡಿಹೊಗಳಬೇಕಾಗಿಲ್ಲ. ಕುಲದ ಬೇಲಿಯೊಳಗಿದ್ದ ಕಸುಬನ್ನು ಕಾಂಕ್ರೀಟು ಸಡಿಲಿಸಿತು. ಬಾಣಲಿ ಹೊರಲು ಯಾವ ಜಾತಿಯ ಗಂಡಾಳು, ಹೆಣ್ಣಾಳಾದರೂ ಸಾಕಾಯಿತು. ಬೇಲಿ ಸಡಿಲವಾದಂತೆ ಬೇಲಿಯೊಳಗಿನ ಆಸರೆಯೂ ಹೋಯಿತೆಂಬುದು ಇದರ ಇನ್ನೊಂದು ಮುಖ. ಗುತ್ತಿಗೆದಾರರು ೧೯೪೧ರಲ್ಲಿ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾವನ್ನು ಕಟ್ಟಿಕೊಂಡರು; ೧೯೮೨ರಲ್ಲಿ ತಜ್ಞರಿಗಾಗಿ ಇಂಡಿಯನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ ಬಂದಿತು. ಕೂಲಿಯವರ ಸರದಿ ಬಂದುದು ಎಲ್ಲರಿಗಿಂತ ಕೊನೆಗೆ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಮುಂದಾಳುತನದಲ್ಲಿ ೧೯೮೦ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಆಂದೋಲನದ ಒತ್ತಾಯದ ಫಲವಾಗಿ ೧೯೯೬ರಲ್ಲಿ ಕಟ್ಟಡ ಕಾರ್ಮಿಕರ ಕಾನೂನೂ, ನಿರ್ಮಾಣ ವೆಚ್ಚದ ಮೇಲೆ ಶೇಕಡಾ ೧ಕ್ಕೆ ಕಡಿಮೆಯಿಲ್ಲದ, ೨ನ್ನು ಮೀರದ ಸೆಸ್ಸಿನ ಕಾನೂನೂ ಜಾರಿಯಾದವು. ಕರ್ನಾಟಕದಲ್ಲಿ ಕಲ್ಯಾಣ ಮಂಡಳಿ ರಚನೆಯಾದದ್ದು ೨೦೦೭ರಲ್ಲಿ.

ಮಂಡಳಿಯ ಬಾಗಿಲಲ್ಲಿಯೂ ಅದೇ ಹಳೆಯ ಪ್ರಶ್ನೆ ನಿಂತಿದೆ. ನೋಂದಣಿ ಬಯಸುವವರು ೧೮ರಿಂದ ೬೦ರ ವಯಸ್ಸಿನವರಾಗಿ, ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡ ಕೆಲಸ ಮಾಡಿರಬೇಕು. ಅದನ್ನು ದೃಢೀಕರಿಸುವ ಪತ್ರ ತರಬೇಕು. ಒಂದು ಕಡೆ ಇಪ್ಪತ್ತು ದಿನ, ಇನ್ನೊಂದು ಕಡೆ ಹದಿನೈದು ದಿನ ದುಡಿದು, ಮೇಸ್ತ್ರಿಯ ಹೆಸರಿನ ಹೊರತು ಮಾಲೀಕನ ಹೆಸರನ್ನೇ ಅರಿಯದ ವಲಸೆಗಾರ್ತಿಗೆ ಆ ಪತ್ರ ಸುಲಭಸಾಧ್ಯವಲ್ಲ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಗಮನಿಸಿದಂತೆ, ದೇಶದಲ್ಲಿ ಸಂಗ್ರಹವಾಗಿದ್ದ ೩೭,೪೦೦ ಕೋಟಿಗೂ ಮಿಕ್ಕಿದ ಸೆಸ್ಸಿನಲ್ಲಿ ವೆಚ್ಚವಾಗಿದ್ದುದು ಸುಮಾರು ೯,೫೦೦ ಕೋಟಿ ರೂಪಾಯಿ. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಈ ಎರಡು ಕಾನೂನುಗಳನ್ನು ತಮ್ಮೊಳಗೆ ಸೇರಿಸಿಕೊಂಡವು. ೯೦ ದಿನದ ನಿಯಮ ಅಲ್ಲಿಯೂ ಉಳಿದುಕೊಂಡಿತು.