ಅಮೆರಿಕದಲ್ಲಿ ಹಳೆ ಕಾರಿನ ದಾನ: ತೆರಿಗೆ ಎಷ್ಟು ಉಳಿದೀತು?

ಡಿಸೆಂಬರ್ ಬಂತೆಂದರೆ ಅಮೆರಿಕದಲ್ಲಿ ‘ಹಳೆ ಕಾರು ದಾನ ಮಾಡಿ, ತೆರಿಗೆ ಉಳಿಸಿ’ ಎಂಬ ಜಾಹೀರಾತುಗಳ ಸುಗ್ಗಿ. ಅಲ್ಲಿ ದುಡಿದು ತೆರಿಗೆ ಕಟ್ಟುವ ಕನ್ನಡಿಗರಿಗೂ ನಿಯಮ ಅದೇ. ಡಿಸೆಂಬರ್ 31ರೊಳಗೆ ಕಾರು ಕೊಟ್ಟರೆ ಆ ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಹಿಂದೆ ಮಾಲೀಕರು ಬೆಲೆಪಟ್ಟಿ ನೋಡಿ ತಾವೇ ಬೆಲೆ ಕಟ್ಟುತ್ತಿದ್ದರು. 2003ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕ ತಪಾಸಣಾ ಸಂಸ್ಥೆ ಇಂಥ 54 ವಾಹನಗಳ ಜಾಡು ಹಿಡಿಯಿತು. ಸುಮಾರು ಮೂರನೇ ಎರಡು ಪಾಲು ವಾಹನಗಳಿಂದ ಸೇವಾಸಂಸ್ಥೆಗಳ ಕೈಸೇರಿದ್ದು ತೋರಿಸಿದ ಬೆಲೆಯ ಶೇ. 5 ಅಥವಾ ಅದಕ್ಕೂ ಕಡಿಮೆ!

ಹೀಗಾಗಿ 2005ರಿಂದ ನಿಯಮ ಬಿಗಿಯಾಯಿತು. 500 ಡಾಲರ್‌ಗಿಂತ ಹೆಚ್ಚು ವಿನಾಯಿತಿ ಕೇಳುವುದಾದರೆ, ಸಂಸ್ಥೆ ಕಾರು ಮಾರಿ ಪಡೆದ ಮೊತ್ತವೇ ಮಿತಿ. ಸಂಸ್ಥೆಯೇ ತನ್ನ ಕೆಲಸಕ್ಕೆ ಬಳಸಿದರೆ, ದೊಡ್ಡ ರಿಪೇರಿ ಮಾಡಿಸಿದರೆ ಅಥವಾ ಬಡವರಿಗೆ ಅಗ್ಗದಲ್ಲಿ ಕೊಟ್ಟರೆ ಮಾತ್ರ ಮಾರುಕಟ್ಟೆ ಬೆಲೆ ತೋರಿಸಬಹುದು. ಸಂಸ್ಥೆ ಕೊಡುವ 1098-ಸಿ ನಮೂನೆ ರಿಟರ್ನ್ ಜತೆ ಇರಲೇಬೇಕು.

ಇನ್ನೊಂದು ಮಾತು: ಮೊತ್ತ ಕಳೆಯುವುದು ಆದಾಯದಿಂದ, ತೆರಿಗೆಯಿಂದಲ್ಲ. ಕಾರು 1,000 ಡಾಲರ್‌ಗೆ ಮಾರಾಟವಾದರೆ ಶೇ. 22ರ ದರದವರಿಗೆ ಉಳಿಯುವುದು ಹೆಚ್ಚೆಂದರೆ 220 ಡಾಲರ್. ಸ್ಟ್ಯಾಂಡರ್ಡ್ ಡಿಡಕ್ಷನ್ ಪಡೆಯುವವರಿಗೆ ಅದೂ ಇಲ್ಲ. ಲಾಭವೇ ಗುರಿಯಾದರೆ ಕಾರು ಮಾರುವುದೇ ಲೇಸು.

ಭಾರತದಲ್ಲಂತೂ ವಸ್ತು ದಾನಕ್ಕೆ ಈ ರಿಯಾಯಿತಿಯೇ ಇಲ್ಲ. ಹಳೆ ತೆರಿಗೆ ಪದ್ಧತಿಯಲ್ಲಿ ಹಣದ ದೇಣಿಗೆಗಷ್ಟೇ ಅವಕಾಶ. 2,000 ರೂಪಾಯಿ ಮೀರಿದರೆ ನಗದು ನಡೆಯದು, ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಬೇಕು.